ಹೊಸ ಯಕೃತ್ತಿಗೆ ಹಳೆಯ ಕೊಬ್ಬು

ಸುರಪುರದ ಸಮೀಪದಲ್ಲಿರುವ ಬೋನಾಳದ ಕೆರೆಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ೧೭ನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದ ಈ ಕೆರೆಯನ್ನು ೧೯ನೆಯ ಶತಮಾನದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಸಾಹೇಬನು ವಿಸ್ತರಿಸಿದನು. ಇಂದು ಅದು ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲವು ಬಂದೊಡನೆ ಬಾತುಗಳೂ ಇತರ ನೀರುಹಕ್ಕಿಗಳೂ ಉತ್ತರ ದಿಕ್ಕಿನ ದೂರ ದೇಶಗಳಿಂದ ಹಾರಿಬಂದು ಇಲ್ಲಿ ಇಳಿಯುವುವು. ಬೇಸಗೆಯು ಸಮೀಪಿಸಲು ಮರಳಿ ಹೊರಡುವುವು. ಹೊರಡುವುದಕ್ಕೆ ಮೊದಲು ಅವು ಹಗಲಿರುಳು ಮೇಯುವುದನ್ನು ನೋಡಿದರೆ ಹೊಟ್ಟೆಬಾಕತನವೆಂದೇ ನಮಗೆ ತೋರುವುದು. ಆದರೆ ಹಕ್ಕಿಯು ತಿಂದ ಕಾಳು ಅದರ ಯಕೃತ್ತಿನಲ್ಲಿ ಕೊಬ್ಬಾಗಿ ಮಾರ್ಪಟ್ಟು, ಅಲ್ಲಿಂದ ಚರ್ಮದ ಕೆಳಗೆ ಸೇರಿ, ಸಾವಿರಾರು ಮೈಲುಗಳ ಹಾದಿಗೆ ಬುತ್ತಿಯಾಗುವುದು. ಹಾರಿಹೋಗುವಾಗ ಆ ಬುತ್ತಿಯು ಖರ್ಚಾಗಿ, ಊರು ಮುಟ್ಟುವ ವೇಳೆಗೆ ಹಕ್ಕಿಯು ಹಗುರಾಗಿರುತ್ತದೆ.

ಈ ಗುಟ್ಟನ್ನು ಪ್ರಾಚೀನ ಮಿಸರ ದೇಶದವರು ಕಂಡುಕೊಂಡಿದ್ದರು. ಹೆಬ್ಬಾತುಗಳ ಗಂಟಲಿಗೆ ಬಲವಂತವಾಗಿ ತೀನಿ ತುರುಕುತ್ತಿರುವ ಚಿತ್ರಗಳು ಅವರ ಗೋರಿಗಳ ಗೋಡೆಗಳ ಮೇಲೆ ಇವೆ. ರೋಮಿನವರು ಅಂಜೂರದ ಹಣ್ಣನ್ನು ತಿನ್ನಿಸಿ ಹೆಬ್ಬಾತಿನ ಯಕೃತ್ತನ್ನು ಕೊಬ್ಬಿಸುತ್ತಿದ್ದರು. ಅಂಜೂರಕ್ಕೆ ಅವರ ಭಾಷೆಯಲ್ಲಿದ್ದ ಹೆಸರೇ ಮುಂದೆ ತಿರುಗಿ ಫ್ರೆಂಚರಲ್ಲಿಯೂ ಇಟಲಿಯವರಲ್ಲಿಯೂ ಯಕೃತ್ತಿಗೆ ಹೆಸರಾಗಿ ನಿಂತಿತೆಂದರೆ ವಾಚಕರು ನಗಬಹುದು. ಆದರೆ ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಿರುವರು. ಹಾರಲು ಬಿಡದೆ ತಿನ್ನಿಸಿದ ಹಕ್ಕಿಯ ಯಕೃತ್ತು ಏನಾಗುವುದೋ, ನಡೆಯದೆ ತಿನ್ನುವ ಮನುಷ್ಯನ ಯಕೃತ್ತೂ ಬಹುಮಟ್ಟಿಗೆ ಅದೇ ಆಗುವುದು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಇದಕ್ಕಿಂತಲೂ ವಿಚಿತ್ರವಾದ ಸಂಗತಿಯನ್ನು. ಕೆಟ್ಟುಹೋದ ಯಕೃತ್ತನ್ನು ತೆಗೆದುಹಾಕಿ ಮತ್ತೊಬ್ಬರ ಆರೋಗ್ಯವಂತ ಯಕೃತ್ತನ್ನು ಕಸಿಮಾಡಿದ ಮೇಲೆಯೂ ಅದರಲ್ಲಿ ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ಕೊಬ್ಬು ತುಂಬಿಕೊಳ್ಳುವುದುಂಟು.

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಕವಾಗಿ ಇರುತ್ತದೆ. ಮಾಂಸದ ಅಂಗಡಿಯಲ್ಲಿ ಕಲೀಜ ಎನ್ನುವುದೂ, ವೈದ್ಯರು ಲಿವರ್ ಎನ್ನುವುದೂ ಇದನ್ನೇ. ಉಂಡ ಅನ್ನದ ಸಾರವೆಲ್ಲ ಕರುಳಿನಿಂದ ಮೊದಲು ಇಲ್ಲಿಗೆ ಬಂದು, ಇದರ ಅಪ್ಪಣೆ ಪಡೆದು ಮುಂದಕ್ಕೆ ಹೋಗಬೇಕು. ಬೇಕಾದಷ್ಟು ಸಕ್ಕರೆಯನ್ನು ಅದು ಕೂಡಿಡುವುದು; ಮಿಕ್ಕುದನ್ನು ಕೊಬ್ಬಾಗಿ ಮಾಡುವುದು; ವಿಷವನ್ನು ಮುರಿಯುವುದು; ಪಿತ್ತರಸವನ್ನು ಸುರಿಸುವುದು. ಆರೋಗ್ಯವಂತನ ಯಕೃತ್ತಿನಲ್ಲಿ ಕೊಬ್ಬು ಬಹಳ ನಿಲ್ಲುವುದಿಲ್ಲ. ಅದರ ಕಣಗಳಲ್ಲಿ ನೂರಕ್ಕೆ ೫ಕ್ಕಿಂತ ಹೆಚ್ಚಿನವು ಕೊಬ್ಬನ್ನು ತುಂಬಿಕೊಂಡಿದ್ದರೆ ವೈದ್ಯರು ಅದನ್ನು ಕೊಬ್ಬಿನ ಯಕೃತ್ತೆನ್ನುವರು. ಕೆಲವರಲ್ಲಿ ಈ ಕೊಬ್ಬು ಸುಮ್ಮನೆ ಇರುವುದು. ಮತ್ತೆ ಕೆಲವರಲ್ಲಿ ಉರಿಯೂತವೆದ್ದು, ಗಾಯ ಮಾಗಿದಲ್ಲಿ ಕಲೆ ಕಟ್ಟುವಂತೆ ನಾರುಕಟ್ಟಿ, ಹಲವು ವರ್ಷಗಳ ನಂತರ ಯಕೃತ್ತು ಗಂಟುಗಂಟಾಗಿ ಗಡುಸಾಗುವುದು. ಇದಕ್ಕೆ ಸಿರೋಸಿಸ್ ಎಂದು ಹೆಸರು. ಆಗ ಹೊಟ್ಟೆಯಲ್ಲಿ ನೀರು ತುಂಬುವುದು, ಕಾಮಣಿ ಹಿಡಿಯುವುದು, ರಕ್ತವಾಂತಿಯಾಗುವುದು, ಬುದ್ಧಿಯು ಮಂಕಾಗುವುದು. ಆ ಸ್ಥಿತಿಯಲ್ಲಿ ಉಳಿದಿರುವ ದೊಡ್ಡ ಉಪಾಯವೆಂದರೆ ಕಸಿಯೊಂದೇ.

ಮನುಷ್ಯನಿಗೆ ಯಕೃತ್ತನ್ನು ಕಸಿಮಾಡುವ ಮೊದಲ ಪ್ರಯತ್ನವನ್ನು ೧೯೬೩ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜಲ್ ಎಂಬ ಶಸ್ತ್ರವೈದ್ಯನು ಮಾಡಿದನು. ಆ ರೋಗಿಯು ಉಳಿಯಲಿಲ್ಲ. ಮುಂದಿನ ಕೆಲವರೂ ಉಳಿಯಲಿಲ್ಲ. ೧೯೬೭ರಲ್ಲಿ ಮೊದಲ ಜಯವು ದೊರೆಯಿತು. ಕೈಚಳಕಕ್ಕೇನೂ ಕೊರತೆಯಿರಲಿಲ್ಲ, ತನ್ನದಲ್ಲದ ಅಂಗವನ್ನು ದೇಹವು ಹಗೆಯೆಂದು ಭಾವಿಸಿ ನಾಶಮಾಡುವುದನ್ನು ತಡೆಯುವುದೇ ಕಷ್ಟವಾಗಿದ್ದಿತು. ನಾರ್ವೆಯ ಮಣ್ಣಿನೊಳಗಿನ ಒಂದು ಬೂಷ್ಟಿನಿಂದ ತೆಗೆದ ಸೈಕ್ಲೊಸ್ಪೋರಿನ್ ಎಂಬ ಔಷಧವು ೧೯೮೦ರ ನಂತರ ಬಳಕೆಗೆ ಬಂದು ಆ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಬಳಿಕ ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಟ್ಯಾಕ್ರೊಲಿಮಸ್ ಎಂಬುದು ಅದರ ಸ್ಥಾನವನ್ನು ಹೆಚ್ಚುಕಡಿಮೆ ಆಕ್ರಮಿಸಿತು. ನಮ್ಮ ದೇಶದಲ್ಲಿ ಅಂಗಗಳ ಕಸಿಗೆ ಕಾನೂನು ಆದದ್ದು ೧೯೯೪ರಲ್ಲಿ. ಯಕೃತ್ತಿನ ಕಸಿಯು ಯಶಸ್ವಿಯಾದದ್ದು ೧೯೯೮ರಲ್ಲಿ, ದೆಹಲಿಯಲ್ಲಿ, ಒಂದು ಎಳೆಯ ಮಗುವಿಗೆ. ಕರ್ನಾಟಕದಲ್ಲಿ ಮೃತರಾದವರ ಅಂಗಗಳನ್ನು ಸರದಿಯಂತೆ ಹಂಚುವ ಕೆಲಸವನ್ನು ಈಗ ಜೀವಸಾರ್ಥಕತೆಯೆಂಬ ಸಂಸ್ಥೆಯು ನೋಡಿಕೊಳ್ಳುತ್ತಿರುವುದು. ಯಾದಗಿರಿ ಸೀಮೆಯ ರೋಗಿಗಳು ಕಸಿಗಾಗಿ ಬೆಂಗಳೂರನ್ನೋ ಹೈದರಾಬಾದನ್ನೋ ಸೇರಬೇಕಾಗುವುದು.

ಇಲ್ಲಿ ನಮ್ಮ ದೇಶದ ವಿಶೇಷವೊಂದನ್ನು ಹೇಳದೆ ಮುಂದುವರಿಯಲಾಗದು. ಪಾಶ್ಚಾತ್ಯ ದೇಶಗಳಲ್ಲಿ ಕಸಿಯಾಗುವ ಯಕೃತ್ತುಗಳಲ್ಲಿ ಹೆಚ್ಚಿನವು ಮೃತರವು. ನಮ್ಮಲ್ಲಿ ಹೆಚ್ಚಿನವು ಜೀವಂತ ಬಂಧುಗಳು ಕೊಟ್ಟವು. ಅವರಲ್ಲಿಯೂ ಹೆಂಗಸರೇ ಹೆಚ್ಚು: ಗಂಡನಿಗೆ ಹೆಂಡತಿ, ಮಗನಿಗೆ ತಾಯಿ, ತಂದೆಗೆ ಮಗಳು. ದಾನಿಯ ಯಕೃತ್ತಿನಲ್ಲಿ ನೂರಕ್ಕೆ ೬೦ರಷ್ಟು ಭಾಗವನ್ನು ಕೂಡ ಕೊಯ್ದು ತೆಗೆಯುವುದುಂಟು. ಉಳಿದ ತುಂಡು ಕೆಲವು ತಿಂಗಳೊಳಗೆ ಬಹುಪಾಲು ಮೊದಲಿನ ಗಾತ್ರಕ್ಕೆ ಬೆಳೆಯುವುದು. ದಾನಿಯ ಯಕೃತ್ತಿನಲ್ಲಿಯೇ ಕೊಬ್ಬು ಹೆಚ್ಚಾಗಿದ್ದರೆ ವೈದ್ಯರು ಅದನ್ನು ಸ್ವೀಕರಿಸುವುದಿಲ್ಲ. ತಮ್ಮವರನ್ನು ಉಳಿಸಿಕೊಳ್ಳುವುದಕ್ಕಾಗಿ ಒಂದೆರಡು ತಿಂಗಳು ಅನ್ನಸಕ್ಕರೆಗಳನ್ನು ಬಿಟ್ಟು, ದಿನವೂ ನಡೆದು, ತೂಕವನ್ನು ಇಳಿಸಿಕೊಂಡು, ಬಳಿಕ ಶಸ್ತ್ರಕ್ರಿಯೆಯ ಮೇಜನ್ನು ಏರಿದ ದಾನಿಗಳು ಉಂಟು. ಅಂಥವರಿಂದ ಪಡೆದ ಅಂಗದಲ್ಲಿ ಪಡೆದವನು ಮತ್ತೆ ಕೊಬ್ಬನ್ನು ತುಂಬಿದನೆಂದರೆ ದಾನಿಗೆ ಹೇಗೆ ತೋರಬೇಕು!

ಕಸಿಯಾದ ಯಕೃತ್ತಿನಲ್ಲಿ ಕೊಬ್ಬು ಬರುವುದೆಂಬುದು ವೈದ್ಯರಿಗೆ ತಿಳಿದ ಬಗೆಯೂ ಸ್ವಾರಸ್ಯವಾಗಿದೆ. ಮದ್ಯವನ್ನು ಕುಡಿಯದವರಲ್ಲಿಯೂ ಕುಡುಕರದರಂತೆ ಕಾಣುವ ಯಕೃತ್ತಿನ ರೋಗವಿರುವುದನ್ನು ೧೯೮೦ರಲ್ಲಿ ಅಮೆರಿಕದ ಮೇಯೋ ಆಸ್ಪತ್ರೆಯ ಲುಡ್ವಿಗ್ ಎಂಬವನು ವರ್ಣಿಸಿ ಹೆಸರಿಟ್ಟನು. ಅದಕ್ಕೆ ಮೊದಲೂ, ಆಮೇಲೆ ಬಹಳ ಕಾಲವೂ, ಕಾರಣ ತಿಳಿಯದ ಸಿರೋಸಿಸ್ ಎಂಬ ಒಂದು ಪಟ್ಟಿಯಿದ್ದಿತು. ಆ ರೋಗಿಯು ಕುಡಿದವನಲ್ಲ. ಕಾಮಣಿಯ ವಿಷಾಣುಗಳು ಅವನ ರಕ್ತದಲ್ಲಿಲ್ಲ. ತೆಗೆದ ಯಕೃತ್ತನ್ನು ಸೀಳಿ ನೋಡಿದರೆ ನಾರಲ್ಲದೆ ಬೇರೇನೂ ಕಾಣದು. ಅಂಥವರಿಗೆ ಕಸಿಮಾಡಿ ಕಳುಹಿಸಿದ ಕೆಲವು ಕಾಲದ ಮೇಲೆ ಹೊಸ ಯಕೃತ್ತಿನ ಚೂರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದಾಗ ಹಲವರಲ್ಲಿ ಕೊಬ್ಬು ಕಾಣಿಸಿತು. ಹಳೆಯ ಯಕೃತ್ತನ್ನು ಕೆಡಿಸಿದ್ದೂ ಈ ಕೊಬ್ಬೇ ಎಂಬುದು ಆಗ ಗೊತ್ತಾಯಿತು. ಯಕೃತ್ತು ಪೂರ್ತಿಯಾಗಿ ಗಡುಸಾಗುವ ಹೊತ್ತಿಗೆ ಕೊಬ್ಬು ಕರಗಿ ಮಾಯವಾಗುವುದುಂಟು. ಮನೆಯನ್ನು ಸುಟ್ಟ ಬೆಂಕಿಯು ತಾನೂ ನಂದಿ ಬೂದಿ ಮಾತ್ರ ಉಳಿದಂತೆ. ಕಳ್ಳನು ಹೊಸ ಮನೆಗೂ ಬಂದದ್ದರಿಂದ ಹಳೆಯ ಕಳವಿನ ಸುಳಿವು ಸಿಕ್ಕಿತು.

ಅಂದರೆ ರೋಗದ ಬೇರು ಯಕೃತ್ತಿನಲ್ಲಿ ಮಾತ್ರ ಇರಲಿಲ್ಲ. ಅಂಗವು ಬದಲಾದರೂ ಅದನ್ನು ಹೊತ್ತ ದೇಹವು ಹಳೆಯದೇ: ಅದೇ ನಡು, ಅದೇ ಮಧುಮೇಹ, ಅದೇ ಊಟ, ಅದೇ ಕುಳಿತಿರುವ ಅಭ್ಯಾಸ. ಇದಕ್ಕೆ ಔಷಧಗಳ ಪ್ರಭಾವವೂ ಕೂಡಿಕೊಳ್ಳುವುದು. ಕಸಿಯಾದ ಮೊದಲ ಕೆಲವು ತಿಂಗಳು ಕೊಡುವ ಸ್ಟೆರಾಯ್ಡು ಹಸಿವನ್ನು ಕೆರಳಿಸಿ, ಹೊಟ್ಟೆಯ ಸುತ್ತ ಬೊಜ್ಜನ್ನು ಬೆಳೆಸಿ, ರಕ್ತದಲ್ಲಿ ಸಕ್ಕರೆಯನ್ನು ಏರಿಸುವುದು. ಟ್ಯಾಕ್ರೊಲಿಮಸ್ ಮಧುಮೇಹವನ್ನೂ ರಕ್ತದೊತ್ತಡವನ್ನೂ ತರಬಲ್ಲುದು. ಸೈಕ್ಲೊಸ್ಪೋರಿನ್ನೂ, ಕೆಲವರಿಗೆ ಕೊಡುವ ಸಿರೋಲಿಮಸ್ಸೂ ರಕ್ತದ ಕೊಬ್ಬನ್ನು ಹೆಚ್ಚಿಸುವುವು. ಆದ್ದರಿಂದ ಮೊದಲು ಬೇರೆ ರೋಗದಿಂದ ಯಕೃತ್ತು ಕೆಟ್ಟವರಲ್ಲಿಯೂ, ವಿಷಾಣುವಿನಿಂದ ಕೆಟ್ಟವರಲ್ಲಿಯೂ ಸಹ, ಕೊಬ್ಬು ಹೊಸದಾಗಿ ಕಾಣಿಸಿಕೊಳ್ಳುವುದು. ದಾನಿಯಿಂದ ಬಂದ ವಂಶಗುಣಕ್ಕೂ ಇದರಲ್ಲಿ ಪಾಲುಂಟು. ಆದರೆ ದಾನಿಯ ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಪಡೆದವನ ದೇಹವು ನೆಟ್ಟಗಿದ್ದರೆ ಅದು ಕೆಲವು ವಾರ ತಿಂಗಳುಗಳಲ್ಲಿ ತಾನಾಗಿ ಕರಗುವುದು.

ಎಷ್ಟು ಜನರಿಗೆ ಹೀಗಾಗುವುದೆಂಬ ಲೆಕ್ಕಗಳು ಒಂದೇ ತೆರನಾಗಿಲ್ಲ. ಕೊಬ್ಬಿನಿಂದಲೇ ಮೊದಲ ಯಕೃತ್ತನ್ನು ಕಳೆದುಕೊಂಡವರಲ್ಲಿ ಕೆಲವು ವರ್ಷಗಳೊಳಗೆ ಅರ್ಧಕ್ಕಿಂತಲೂ ಹೆಚ್ಚು ಜನರಿಗೆ ಅದು ಮರುಕಳಿಸುವುದೆಂದು ಹಲವು ಅಧ್ಯಯನಗಳು ತೋರಿಸಿವೆ. ಉಳಿದವರಲ್ಲಿ ಐವರಿಗೊಬ್ಬರಿಂದ ಮೂವರಿಗೊಬ್ಬರವರೆಗೆ ಹೊಸದಾಗಿ ಬರುವುದು. ಈ ಮಾತನ್ನು ಓದಿ ಯಾರೂ ಎದೆಗೆಡಬಾರದು. ಕೊಬ್ಬು ಬಂದವರಲ್ಲಿ ಹೊಸ ಯಕೃತ್ತು ಮತ್ತೆ ಸಿರೋಸಿಸ್ಸಿಗೆ ಇಳಿಯುವುದು ಮೊದಲ ಐದಾರು ವರ್ಷಗಳಲ್ಲಿ ಕೆಲವರಿಗೆ ಮಾತ್ರ. ಇಂಥವರ ಪ್ರಾಣಕ್ಕೆ ಹೆಚ್ಚಾಗಿ ಎರವಾಗುವುದು ಹೃದಯದ ರೋಗ, ಸೋಂಕು ಮತ್ತು ಕ್ಯಾನ್ಸರ್. ಹಾಗೆಂದು ಕೊಬ್ಬನ್ನು ಕಡೆಗಣಿಸುವಂತೆಯೂ ಇಲ್ಲ. ಏಕೆಂದರೆ ಯಕೃತ್ತಿನಲ್ಲಿ ಕೊಬ್ಬನ್ನು ಕೂಡಿಸುವ ಕಾರಣಗಳೇ ಹೃದಯದ ನಾಳಗಳನ್ನೂ ಕಟ್ಟುವುವು.

ಇನ್ನು ನಮ್ಮ ಮನೆಗಳೊಳಗೆ ಬರೋಣ. ಬೋನಾಳದಂಥ ಒಂದು ಊರಿನಲ್ಲಿ, ಐವತ್ತರ ಸಮೀಪದ ಒಬ್ಬ ಗೃಹಸ್ಥನು ಕಸಿ ಮಾಡಿಸಿಕೊಂಡು ಹಿಂದಿರುಗಿದನೆಂದು ಭಾವಿಸೋಣ. ರೋಗದ ಕಾಲದಲ್ಲಿ ಅವನು ಉಪ್ಪು ಬಿಟ್ಟಿದ್ದನು, ನಾಲ್ಕು ತುತ್ತು ಉಂಡರೆ ಹೊಟ್ಟೆಯುಬ್ಬರಿಸುತ್ತಿದ್ದಿತು, ತೋಳುತೊಡೆಗಳು ಕಡ್ಡಿಯಾಗಿದ್ದುವು. ಲಕ್ಷಗಟ್ಟಲೆ ಹಣವು ಸುರಿದುಹೋಗಿದೆ; ಬಹುಶಃ ಹೊಲದ ಒಂದು ತುಂಡೂ ಹೋಗಿದೆ. ಅವನಿಗೆ ಯಕೃತ್ತಿನ ಪಾಲನ್ನು ಕೊಟ್ಟ ಹೆಂಡತಿಯೂ ಅದೇ ಮನೆಯಲ್ಲಿ ಹೊಟ್ಟೆಯ ಮೇಲಿನ ಗಾಯವನ್ನು ಮಾಗಿಸಿಕೊಳ್ಳುತ್ತಿದ್ದಾಳೆ. ಆಗ ನೋಡಬಂದ ಅಕ್ಕನು ಬರಿಗೈಯಲ್ಲಿ ಬರುವಳೇ? ಮಾದ್ಲಿಯ ಡಬ್ಬಿ, ತುಪ್ಪ ಸುರಿದ ಹೋಳಿಗೆ, ಶೇಂಗಾದುಂಡೆ. "ತಿನ್ನೋ ತಮ್ಮಾ, ಆರು ತಿಂಗಳು ಸೊರಗಿ ಹೋಗೀದಿ, ಒಂದು ಹೋಳಿಗಿ ತಿಂದ್ರ ಏನಾಗ್ತದ?" ಎನ್ನುವ ಅವಳ ಮಾತಿನಲ್ಲಿ ಕಪಟವಿಲ್ಲ. ಸ್ಟೆರಾಯ್ಡಿನಿಂದ ಹಸಿವೂ ಕೆರಳಿದೆ. ಕೆಲಸಕ್ಕೆ ಹೋಗಬೇಡವೆಂದು ಎಲ್ಲರೂ ಹೇಳುತ್ತಾರೆ. ಹೀಗೆ ಆರೈಕೆಯೇ ಒಂದು ವರ್ಷದೊಳಗೆ ಹತ್ತು ಹನ್ನೆರಡು ಕಿಲೋ ತೂಕವಾಗಿ ಅವನ ನಡುವಿನ ಸುತ್ತ ಕುಳಿತುಕೊಳ್ಳುವುದು. ಮೈ ತುಂಬಿತೆಂದು ಊರವರು ಸಂತೋಷಪಡುವರು. ತುಂಬಿದ್ದು ಸ್ನಾಯುವಲ್ಲ, ಕೊಬ್ಬು.

ಸೊರಗಿದ ದೇಹಕ್ಕೆ ಆಹಾರವು ಬೇಡವೆಂದು ನಾವು ಹೇಳುತ್ತಿಲ್ಲ, ಬೇಕೇ ಬೇಕು. ಆದರೆ ಅದಕ್ಕೆ ಬೇಕಾದದ್ದು ಸ್ನಾಯುವನ್ನು ಕಟ್ಟುವ ಆಹಾರ: ತೊಗರಿಬೇಳೆ, ಹೆಸರು, ಮಡಕಿ, ಕೆನೆ ತೆಗೆದು ಕಾಯಿಸಿದ ಹಾಲು, ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಮೀನುಗಳು. ಈ ವಿಷಯದಲ್ಲಿ ಸುರಪುರ ಶಹಾಪುರಗಳ ಹಳೆಯ ಅಡಿಗೆಯು ಬಡವರದೆಂದು ಕೀಳಾಗಿ ಎಣಿಸತಕ್ಕದ್ದಲ್ಲ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಬೇಳೆ, ಮಜ್ಜಿಗೆ—ಇದಕ್ಕಿಂತ ಒಳ್ಳೆಯ ಪಥ್ಯವನ್ನು ದೊಡ್ಡ ಪಟ್ಟಣದ ಆಹಾರಪಂಡಿತನೂ ಬರೆದುಕೊಡಲಾರನು. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದುವು. ಜೋಳವು ಬೆಳೆಯುತ್ತಿದ್ದ ಊರುಗಳ ತಟ್ಟೆಯಲ್ಲಿ ಎರಡು ಹೊತ್ತೂ ಬಿಳಿಯ ಅನ್ನವು ಕಾಣಿಸತೊಡಗಿತು. ನೀರಾವರಿಯಿಂದ ಬಡತನವು ಕೊಂಚ ಹಿಂದೆ ಸರಿದಿದೆ, ಅದನ್ನು ನಾವು ಮೆಚ್ಚುವೆವು. ಆದರೆ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ತಟ್ಟೆತುಂಬ ಉಂಡು, ದಿನಕ್ಕೆ ಆರು ಬಾರಿ ಸಕ್ಕರೆಯ ಚಹ ಕುಡಿದು, ಸಂಜೆ ಮಿರ್ಚಿಭಜಿ ತಿಂದರೆ ಯಕೃತ್ತು ಮಿಕ್ಕ ಸಕ್ಕರೆಯನ್ನೆಲ್ಲ ಕೊಬ್ಬಾಗಿ ಮಾಡದೆ ಇನ್ನೇನು ಮಾಡೀತು? ಜೋಳದ ಹೆಸರಿನಲ್ಲಿ ಏಳು ರೊಟ್ಟಿಗಳನ್ನು ಶೇಂಗಾಹಿಂಡಿ ಎಣ್ಣೆಗಳೊಡನೆ ಮುಗಿಸುವವರಿಗೂ ಇದೇ ಮಾತು ಸಲ್ಲುವುದು.

ನಮ್ಮ ಜನರ ಮೈಕಟ್ಟಿನಲ್ಲಿ ಒಂದು ಮೋಸವಿದೆ. ಕೈಕಾಲುಗಳು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವನನ್ನು ನಾವು ದಪ್ಪನೆಂದು ಕರೆಯುವುದಿಲ್ಲ. ಆದರೆ ಕೊಬ್ಬು ಕೇಡು ಮಾಡುವುದು ಅಲ್ಲಿಯೇ. ಆದಕಾರಣ ನಮ್ಮವರಿಗೆ ಅಳತೆಯನ್ನು ಬಿಗಿಯಾಗಿ ಇಟ್ಟಿರುವರು: ಗಂಡಸರ ನಡುವಿನ ಸುತ್ತಳತೆ ೯೦ ಸೆಂಟಿಮೀಟರನ್ನೂ ಹೆಂಗಸರದು ೮೦ನ್ನೂ ಮೀರಬಾರದು. ದರ್ಜಿಯ ಅಳತೆಯ ಪಟ್ಟಿಯೊಂದು ಮನೆಯಲ್ಲಿದ್ದರೆ ಸಾಕು, ತಿಂಗಳಿಗೊಮ್ಮೆ ನೋಡಿಕೊಳ್ಳಬಹುದು. ಹೆಚ್ಚಿದ ತೂಕದಲ್ಲಿ ನೂರಕ್ಕೆ ೫ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುವುದೆಂದೂ, ೭ರಿಂದ ೧೦ರಷ್ಟು ಇಳಿದರೆ ಉರಿಯೂತವೂ ತಗ್ಗುವುದೆಂದೂ ಕಸಿಯಾಗದ ರೋಗಿಗಳಲ್ಲಿ ಕಂಡುಬಂದಿದೆ; ಕಸಿಯಾದವರಿಗೂ ವೈದ್ಯರು ಇದೇ ದಾರಿಯನ್ನು ಹೇಳುವರು. ೮೦ ಕಿಲೋ ಇರುವವನಿಗೆ ಇದು ೪ರಿಂದ ೮ ಕಿಲೋ. ಉಪವಾಸದಿಂದ ಒಮ್ಮೆಗೇ ಇಳಿಸುವ ಸಾಹಸ ಕೂಡದು. ಗಾಯವು ಪೂರ್ತಿಯಾಗಿ ಮಾಗಿದ ಮೇಲೆ, ವೈದ್ಯರು ಒಪ್ಪಿದಂದಿನಿಂದ, ಮುಂಜಾನೆ ಅರ್ಧ ಗಂಟೆ ಚುರುಕಾಗಿ ನಡೆಯುವುದನ್ನು ಆರಂಭಿಸಬೇಕು. ಬೋನಾಳದವರಿಗಾದರೆ ಕೆರೆಯ ದಂಡೆಯೇ ಇದೆ. ಜೊತೆಗೆ ಹೆಂಡತಿಯೂ ಹೋಗಲಿ. ಅವಳ ಯಕೃತ್ತೂ ಬೆಳೆದು ಕೂಡಿಕೊಂಡದ್ದೇ, ಅದಕ್ಕೂ ಕೊಬ್ಬಿನ ಭಯವಿಲ್ಲದಿಲ್ಲ. ದಾನಿಗಳ ಆರೋಗ್ಯವನ್ನು ಎರಡನೆಯ ವರ್ಷದಿಂದ ಯಾರೂ ಕೇಳುವುದಿಲ್ಲವೆಂಬುದು ನಮ್ಮ ಮನೆಗಳಲ್ಲಿ ನಡೆದುಬಂದಿರುವ ಒಂದು ಅನ್ಯಾಯ.

ಮದ್ಯದ ಮಾತನ್ನು ಚಿಕ್ಕದಾಗಿ ಮುಗಿಸುವೆವು. ಕರ್ನಾಟಕದಲ್ಲಿ ಸಾರಾಯಿಯು ೨೦೦೭ರ ಜುಲೈ ೧ರಿಂದ ನಿಂತಿತು, ಕುಡಿತವು ನಿಲ್ಲಲಿಲ್ಲ. ಕಸಿಯಾದವರಿಗೆ, ಅವರ ಮೊದಲ ರೋಗವು ಯಾವುದೇ ಆಗಿರಲಿ, ಒಂದು ತೊಟ್ಟೂ ಸಲ್ಲದು.

ಔಷಧದ ವಿಷಯವು ಇದಕ್ಕಿಂತ ಸೂಕ್ಷ್ಮವಾದದ್ದು. ಮೇಲೆ ಹೇಳಿದ ಮಾತ್ರೆಗಳಿಂದ ಕೊಬ್ಬೂ ಸಕ್ಕರೆಯೂ ಏರುವುದೆಂದು ಓದಿ, ಹಾಗಾದರೆ ಅವುಗಳನ್ನು ಬಿಡುವುದೇ ಲೇಸೆಂದು ಯಾರಾದರೂ ಎಣಿಸಿದರೆ ಅದು ಪ್ರಾಣಕ್ಕೇ ಬರುವುದು. ದೇಹವು ಹೊಸ ಯಕೃತ್ತನ್ನು ಕೆಡಿಸಲು ಕೆಲವು ದಿನಗಳ ಅಲಕ್ಷ್ಯವೇ ಸಾಕು. ಪ್ರಮಾಣವನ್ನು ಇಳಿಸುವುದು, ಬದಲಿಸುವುದು ಕಸಿಯ ವೈದ್ಯರ ಕೆಲಸ. ಅವರು ಸ್ಟೆರಾಯ್ಡನ್ನು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿಯೇ ಮೆಲ್ಲಮೆಲ್ಲನೆ ತಗ್ಗಿಸುವರು. ಕಾಮಣಿಗೆ ಬೇರು ಅರೆದುಕೊಡುವವರು ನಮ್ಮ ಸೀಮೆಯಲ್ಲಿ ಊರಿಗೊಬ್ಬರಿರುವರು. ಕಸಿಯಾದವನು ಅವರ ಬಳಿಗೆ ಹೋಗಲೇ ಕೂಡದು. ಅಮೃತಬಳ್ಳಿಯ ಕಷಾಯವನ್ನು ಕೊರೋನದ ಕಾಲದಲ್ಲಿ ಶಕ್ತಿಗೆಂದು ಕುಡಿದ ಕೆಲವರ ಯಕೃತ್ತು ಕೆಟ್ಟದ್ದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿಮಾಡಿದರು. ಪ್ರತಿರೋಧವನ್ನು ಹೆಚ್ಚಿಸುವ ಯಾವ ಮೂಲಿಕೆಯೂ ಅದನ್ನು ಅಡಗಿಸಬೇಕಾದ ಈ ರೋಗಿಗೆ ಹಿತವಲ್ಲ. ಚಕ್ಕೋತದ ಹಣ್ಣು ನಿರಪಾಯವಾಗಿ ಕಂಡರೂ ರಕ್ತದಲ್ಲಿ ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ಏರಿಸಬಲ್ಲುದಾದ್ದರಿಂದ ಅದನ್ನೂ ಬಿಡಬೇಕು.

ಕೊಬ್ಬು ಬಂದಿದೆಯೆಂಬುದು ರೋಗಿಗೆ ತಿಳಿಯುವುದು ಹೇಗೆ? ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ; ಯಕೃತ್ತಿನ ರಕ್ತಪರೀಕ್ಷೆಯು ಕೂಡ ಸರಿಯಾಗಿಯೇ ಇರಬಹುದು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಯಕೃತ್ತು ಬೆಳ್ಳಗೆ ಹೊಳೆಯುವುದರಿಂದ ಕೊಬ್ಬನ್ನು ಊಹಿಸುವರು. ಫೈಬ್ರೋಸ್ಕ್ಯಾನ್ ಎಂಬ ಯಂತ್ರದಿಂದ ಅದು ಎಷ್ಟು ಗಡುಸಾಗಿದೆಯೆಂದು ಅಳೆಯುವರು. ಸಂಶಯವು ಉಳಿದರೆ ಸೂಜಿಯಿಂದ ಚೂರು ತೆಗೆದು ನೋಡುವರು. ೨೦೨೩ರಲ್ಲಿ ಲೋಕದ ವೈದ್ಯರು ಸೇರಿ ಈ ರೋಗದ ಹೆಸರನ್ನೇ ಬದಲಿಸಿರುವುದರಿಂದ, ಹಳೆಯ ವರದಿಯಲ್ಲಿ ಎನ್‌ಎಎಫ್‌ಎಲ್‌ಡಿ ಎಂದಿದ್ದದ್ದು ಹೊಸದರಲ್ಲಿ ಎಂಎಎಸ್‌ಎಲ್‌ಡಿ ಎಂದಿರಬಹುದು. ಎರಡು ರೋಗಗಳೆಂದು ಗಾಬರಿಯಾಗಬೇಕಾಗಿಲ್ಲ. ಅಮೆರಿಕದಲ್ಲಿ ೨೦೨೪ರ ಮಾರ್ಚಿಯಲ್ಲಿ ರೆಸ್ಮೆಟಿರೋಮ್ ಎಂಬ ಮಾತ್ರೆಗೂ, ೨೦೨೫ರಲ್ಲಿ ತೂಕವಿಳಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೂ ಈ ರೋಗದ ಉರಿಯೂತಕ್ಕಾಗಿ ಅನುಮತಿ ದೊರೆಯಿತು. ಆ ಅನುಮತಿಗೆ ಆಧಾರವಾದ ಪರೀಕ್ಷೆಗಳು ನಡೆದದ್ದು ಕಸಿಯಾಗದವರಲ್ಲಿ. ಕಸಿಯಾದವರು ಅವನ್ನು ಅಂಗಡಿಯಿಂದ ತಾವಾಗಿ ಕೊಂಡು ಉಪಯೋಗಿಸುವಂತಿಲ್ಲ.

ಕೊನೆಯದಾಗಿ, ದೂರದ ಊರುಗಳಿಂದ ಪರೀಕ್ಷೆಗೆ ಹೋಗುವವರಿಗೆ ಉಪಯೋಗವಾಗುವ ಒಂದು ಮಾತು. ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ನೋಡಲು ರಕ್ತವನ್ನು ಹಿಂದಿನ ರಾತ್ರಿಯ ಮಾತ್ರೆಯಾದ ಸುಮಾರು ೧೨ ಗಂಟೆಗಳ ಮೇಲೆ, ಬೆಳಗಿನ ಮಾತ್ರೆಯನ್ನು ನುಂಗುವುದಕ್ಕೆ ಮೊದಲು ತೆಗೆಯಬೇಕು. ಮಾತ್ರೆಯ ಹೊತ್ತು ತಪ್ಪಬಾರದೆಂಬ ಭಯದಿಂದ ಬಸ್ಸಿನಲ್ಲಿಯೇ ನುಂಗಿ ಹೋದರೆ ಲೆಕ್ಕವೆಲ್ಲ ತಪ್ಪಿ, ಪ್ರಮಾಣವನ್ನು ಇಳಿಸಬಾರದ ಕಡೆ ಇಳಿಸುವ ಸಂಭವವುಂಟು. ಸುರಪುರದಿಂದ ಕಲಬುರಗಿಗೆ ಹೋಗುವವನು ಹಿಂದಿನ ರಾತ್ರಿ ೯ ಗಂಟೆಗೆ ಮಾತ್ರೆ ತೆಗೆದುಕೊಂಡಿದ್ದರೆ, ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು, ೯ರ ಸುಮಾರಿಗೆ ರಕ್ತ ಕೊಟ್ಟು, ಕೂಡಲೆ ಅಲ್ಲಿಯೇ ನುಂಗಬೇಕು. ರಕ್ತದ ಸಕ್ಕರೆಗೂ ಕೊಬ್ಬಿಗೂ ಅದೇ ದಿನ ಬರಿಹೊಟ್ಟೆಯಲ್ಲಿ ರಕ್ತ ಕೊಡಬಹುದಾದ್ದರಿಂದ, ರೊಟ್ಟಿಯ ಬುತ್ತಿಯನ್ನು ಬಿಚ್ಚುವುದು ಅದರ ಬಳಿಕ.